ಹಿಂದಿನ ಸೀಟಿನ ಸದ್ದು

ಆ ಸದ್ದು ನಿಜವಾಗಿಯೂ ಇದೆಯೇ, ಇಲ್ಲ ಅವಳು ಸುಮ್ಮನೆ ಹೇಳುತ್ತಿದ್ದಾಳೆಯೇ? ಇಲ್ಲದಿದ್ದರೇ ಚೆನ್ನ ಎಂದುಕೊಂಡ ಬಸವಪ್ರಸಾದ್. ಸ್ಪೀಕರ್ ರಿಪೇರಿ ಮಾಡುವವನು ಹಾಗೆ ಆಸೆಪಡಬಾರದು. ಆದರೆ ಸದ್ದೇ ಇಲ್ಲದ ಕಾರನ್ನು ಒಬ್ಬಳು ಮೂರನೆಯ ಸಲ ಅಂಗಡಿ ಮುಂದೆ ತಂದು ನಿಲ್ಲಿಸಿದರೆ, ಅವಳು ಬಂದದ್ದಾದರೂ ಯಾತಕ್ಕೆ?

"ಏನ್ಲಾ ಪ್ರಸಾದ, ಸ್ಪೀಕರ್ ಕೆಟ್ಟೈತೋ ನಿನ್ ಕೈ ಕೆಟ್ಟೈತೋ?" ಎಂದು ಅಂಗಡಿಯ ಮಾಲೀಕ ರಜಾಕ್ ಒಳಗಿನಿಂದಲೇ ಕೂಗಿದ.

ಸುಕನ್ಯ ನಕ್ಕಳು. ಅವಳು ಪಿರಿಯಾಪಟ್ಟಣದ ದನದ ಆಸ್ಪತ್ರೆಯ ಡಾಕ್ಟರು. ಬಿಳಿಕೆರೆಯ ಮನೆಯಿಂದ ಹೊರಟರೆ ಹುಣಸೂರಿನ ಈ ಅಂಗಡಿ ದಾರಿಯಲ್ಲೇ ಸಿಗುತ್ತದೆ. ಹಿಂದಿನ ಸ್ಪೀಕರ್‌ಗಳು ಗಡಗಡ ಎನ್ನುತ್ತವೆ ಎಂಬುದು ಅವಳ ದೂರು. ಮೊದಲ ಸಲ ಪ್ರಸಾದ್ ಸ್ಕ್ರೂ ಬಿಗಿ ಮಾಡಿದ್ದ. ಆಮೇಲೆ ವೈರು ಬದಲಿಸಿದ್ದ. ಎರಡು ಸಲವೂ ಹಿಂದಿನ ಸೀಟಿನಲ್ಲಿ ಕೂತು, ಕಿವಿ ಕೊಟ್ಟು ಕೇಳಿದ್ದ. ಏನೂ ಕೇಳಿಸಿರಲಿಲ್ಲ.

"ನಿಂತಿದ್ದಾಗ ಬರಲ್ಲ ಕಣ್ರೀ. ಹತ್ತಿ, ಒಂದ್ ರೌಂಡ್ ಹೋಗ್ಬರಾಣ" ಎಂದಳು.

ಅವಳು ಓಡಿಸಿದಳು, ಅವನು ಹಿಂದೆ ಕೂತ. ಊರು ದಾಟಿದ ಮೇಲೆ ಹಾಡಿನ ಸೌಂಡ್ ಏರಿಸಿದಳು. ಸ್ಪೀಕರ್ ಗಾಜಿನಷ್ಟು ಸ್ವಚ್ಛವಾಗಿ ಹಾಡಿತು. ಕನ್ನಡಿಯಲ್ಲಿ ಅವಳ ಕಣ್ಣಷ್ಟೇ ಕಾಣುತ್ತಿತ್ತು. ಅದು ರಸ್ತೆ ನೋಡುತ್ತಿತ್ತು, ಅವನನ್ನು ನೋಡುತ್ತಿತ್ತು, ಸಿಕ್ಕಿಬಿದ್ದಂತಾಗಿ ಮತ್ತೆ ರಸ್ತೆಗೆ ಹೋಗುತ್ತಿತ್ತು.

"ಕೇಳಿಸ್ತಾ?"

"ಇಲ್ಲ ಮೇಡಂ."

"ನೀವ್ ಹತ್ತಿದ ಕೂಡ್ಲೇ ಸುಮ್ಕಾಗ್ಬುಡುತ್ತೆ. ದನಗಳೂ ಇಂಗೇಯ. ಎರಡ್ ದಿನದಿಂದ ಮೇವೇ ಮುಟ್ಟಿಲ್ಲ ಅಂತ ಕರೀತಾರೆ, ನಾನ್ ಹೋಗಿ ನಿಂತ್ರೆ ಗಬಗಬ ತಿನ್ನುತ್ತೆ."

"ನಿಮ್ಮ ಸೂಜಿ ಕಂಡ್ರೆ ಯಾರಾದ್ರೂ ತಿಂತಾರೆ ಬುಡಿ."

ಕನ್ನಡಿಯಲ್ಲಿ ಕಣ್ಣು ನಕ್ಕಿತು. ಹಾಗಾದರೆ ಸದ್ದು ಸುಳ್ಳು! ಅವನಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಅವಳು ಹಾಡು ತಗ್ಗಿಸಿದಳು. "ಭಾನುವಾರ ಕೆ.ಆರ್. ನಗರದವರು ನನ್ನ ನೋಡಕ್ಕೆ ಬತ್ತೀವಿ ಅಂತಾವ್ರೆ. ಬರ್ಲಾ ಬೇಡ್ವಾ, ಸಂಜೆ ಒಳಗೆ ಹೇಳು ಅಂದವ್ರೆ ಅಪ್ಪ. ಏನ್ ಹೇಳೋದೋ ಗೊತ್ತಾಗ್ತಿಲ್ಲ."

ಈಗ ಮಾತಾಡಬೇಕು ಎಂದು ಅವನಿಗೆ ಗೊತ್ತಿತ್ತು. ಬಾಯಿ ತೆರೆದ.

"ಮುಂದೆ ಹಂಪ್ ಐತೆ, ಮೇಡಂ."

ಅವಳು ಹಂಪ್ ದಾಟಿಸಿ, ಹೊಗೆಸೊಪ್ಪಿನ ಹೊಲದ ಪಕ್ಕ ಕಾರು ನಿಲ್ಲಿಸಿದಳು. "ಮುಂದ್ಗಡೆ ಬನ್ನಿ."

ಅವನು ಬಂದು ಪಕ್ಕದಲ್ಲಿ ಕೂತ. ಕಾರು ಹೊರಟಿತು. ಹಾಡು ಏರುತ್ತಿದ್ದಂತೆ ಹಿಂದಿನಿಂದ ಗಡಗಡಗಡ ಎಂದಿತು, ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ.

ಸದ್ದು ನಿಜ. ಅವಳು ಸದ್ದಿಗೇ ಬಂದವಳು. ಹಿಂದಿನ ಸೀಟಿನಲ್ಲಿ ಯಾರಾದರೂ ಒರಗಿ ಕೂತರೆ ಅದು ಸ್ಪೀಕರ್ ಕೂರಿಸಿದ ಹಲಗೆಯನ್ನು ಒತ್ತಿ ಹಿಡಿಯುತ್ತದೆ. ಸೀಟು ಖಾಲಿಯಾದರೆ ಹಲಗೆ ಅದುರುತ್ತದೆ. ಇಷ್ಟೇ ವಿಷಯ. ಇಷ್ಟಕ್ಕೆ ತಾನು ಏನೇನೋ ಕಟ್ಟಿಕೊಂಡಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ನೋಡಿದ್ರಾ? ನೀವಿದ್ರೆ ಸುಮ್ನಿರುತ್ತೆ" ಎಂದಳು ಸುಕನ್ಯ. ಗೇರಿನ ಮೇಲಿದ್ದ ಕೈ ಅಲ್ಲೇ ನಿಂತಿತ್ತು. ಕುತ್ತಿಗೆಯವರೆಗೆ ಕೆಂಪೇರಿತ್ತು. "ಅಂಗಾದ್ರೆ ದಿನಾ ನೀವೇ ಬರ್ಬೇಕಾಗುತ್ತೆ, ನನ್ ಜೊತೆ."

ಅವನಿಗೆ ಆ ಕೆಂಪು ಕಾಣಲಿಲ್ಲ. ಅವನು ಹಿಂದಕ್ಕೆ ತಿರುಗಿ ಹಲಗೆಯನ್ನೇ ನೋಡುತ್ತಿದ್ದ.

"ಬೇಡ ಮೇಡಂ. ಒಂದು ಸ್ಪಂಜ್ ಪಟ್ಟಿ ಸಾಕು."

ವಾಪಸು ಬರುವ ದಾರಿಯಲ್ಲಿ ಅವಳು ಹಾಡು ಹಾಕಲಿಲ್ಲ.

ಅಂಗಡಿಯಲ್ಲಿ ಅವನು ಸೀಟು ಮಡಚಿ, ಹಲಗೆಯ ಅಂಚಿಗೆ ಸ್ಪಂಜ್ ಅಂಟಿಸಿದ. ಅಷ್ಟು ನಿಧಾನವಾಗಿ ಅವನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಮುಗಿದರೆ ಅವಳು ಹೊರಡುತ್ತಾಳೆ. ಮುಗಿಸದೆ ಇರಲು ಅವನಿಗೆ ಬಾರದು.

"ಇನ್ ಬರೋ ಅಂಗೇ ಇಲ್ವಾ ನಾನು?" ಕೀ ತೆಗೆದುಕೊಳ್ಳುತ್ತಾ ಕೇಳಿದಳು.

"ಇಲ್ಲ ಮೇಡಂ. ಗ್ಯಾರಂಟಿ."

"ಗ್ಯಾರಂಟಿನೇ ಕೊಟ್ಬುಟ್ರಲ್ಲ" ಎಂದು ಅವಳು ಒಂದು ಗಳಿಗೆ ನಿಂತಳು. ಆಮೇಲೆ ಹೋದಳು.

ರಜಾಕ್ ಟೀ ಲೋಟ ಹಿಡಿದು ಹೊರಗೆ ಬಂದ. "ಭಾರಿ ಕೆಲಸಗಾರ ಕಣೋ ನೀನು. ಕೊನೆಗೂ ಸರಿ ಮಾಡಿ ಕಳಿಸ್ಬುಟ್ಟೆ."

"ಇನ್ನೇನ್ ಮಾಡ್ಬೇಕಿತ್ತು ಭಾಯ್?"

"ಬಿಳಿಕೆರೇಲಿ ಕಾರಿಗೆ ಸ್ಪೀಕರ್ ಸೆಟ್ ಹಾಕೋ ಸಣ್ಣಯ್ಯ ಇಲ್ವಾ? ಆ ಯಮ್ಮನ ಸೋದರಮಾವ ಕಣ್ಲಾ. ಅವಳ ಮನೆ ಎದುರ್ಗೇ ಅಂಗ್ಡಿ. ಪುಕ್ಕಟೆ ಮಾಡ್ಕೊಡೋನ ಬುಟ್ಟು ನಿನ್ ತಾವ ಯಾಕ್ ಬತ್ತಿದ್ಲು? ನನಗಂತೂ ಮೊದಲ್ನೇ ದಿನವೇ ಗೊತ್ತಾಯ್ತಪ್ಪ."

ಪ್ರಸಾದ್ ರಸ್ತೆಗೆ ಓಡಿದ. ಮಡಿಕೇರಿ ಬಸ್ಸೊಂದು ಅಡ್ಡ ನಿಂತಿತ್ತು. ಅದು ಹೋದ ಮೇಲೆ ಬರೀ ರಸ್ತೆ ಇತ್ತು.

ಅವಳ ನಂಬರು ಅವನ ಫೋನಿನಲ್ಲಿ 'ಬಿಳಿ ಕಾರು ಹಿಂದಿನ ಸ್ಪೀಕರ್' ಎಂಬ ಹೆಸರಿನಲ್ಲಿತ್ತು. ಇಡೀ ಮಧ್ಯಾಹ್ನ ಅದನ್ನು ತೆಗೆದು ಬರೆದ, ಅಳಿಸಿದ. ಬರೆದದ್ದೆಲ್ಲ ಓದಿದಾಗ ಯಾರೋ ಬೇರೆಯವನ ಮಾತಿನಂತೆ ಕಾಣುತ್ತಿತ್ತು. ಹೊತ್ತು ಇಳಿಯುವಾಗ ಅವಳದೇ ಮೆಸೇಜ್ ಬಂತು.

'ಸದ್ದು ಪೂರ್ತಿ ನಿಂತಿದೆ. ಭಾನುವಾರ ಬರ್ಲಿ ಅಂತ ಅಪ್ಪಂಗೆ ಹೇಳ್ದೆ.'

ಅವನು 'ಓಕೆ ಮೇಡಂ' ಎಂದು ಕಳಿಸಿದ.

ಸದ್ದು ಇರಲಿ, ಇಲ್ಲದಿರಲಿ, ನೀವು ಬನ್ನಿ ಎಂದು ಅವನು ಹೇಳಲೇ ಇಲ್ಲ.