ಹಸಿದ ಗೋಡೆ

ಮಧ್ಯಾಹ್ನವಾಗುತ್ತಿದ್ದಂತೆ ರಾಯಚೂರಿನ ಹೊರವಲಯದ ಆ ಬಡಾವಣೆಯ ಗೋಡೆಗಳೆಲ್ಲ ಬೆವರತೊಡಗಿದವು. ಹೊರಗೆ ನಲವತ್ತಾರು ಡಿಗ್ರಿ. ಪ್ರತಿ ಮನೆಯ ಬಾಗಿಲ ಮೇಲೂ ಒಳಗಿನ ಉಷ್ಣತೆ ತೋರಿಸುವ ಪುಟ್ಟ ಫಲಕವಿತ್ತು. ಶಂಕ್ರಮ್ಮ ತಲೆಗೆ ಸೆರಗು ಹೊದ್ದು ಹೊರಬಂದವಳೇ ಪಕ್ಕದ ಮನೆಯ ಫಲಕ ನೋಡಿದಳು. ಇಪ್ಪತ್ತಾರು. ತನ್ನದರಲ್ಲಿ ಮೂವತ್ತೊಂದು.

ಆ ಮನೆ ಬೇರೆ ಯಾರದಾದರೂ ಆಗಿದ್ದರೆ ಅವಳ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ. ಅದು ಅವಳ ವಾರಗಿತ್ತಿಯದು, ಮೈದುನನ ಹೆಂಡತಿ ನಾಗವೇಣಿಯದು. ಇಬ್ಬರಿಗೂ ಒಂದೇ ದಿನ ಚೀಟಿ ಎತ್ತಿ ಮನೆ ಕೊಟ್ಟಿದ್ದರು. ನಿನ್ನೆ ಹೆಪ್ಪಿಗೆ ಮೊಸರು ಕೇಳಲು ಬಂದ ನಾಗವೇಣಿ ಹೆಗಲ ಮೇಲೆ ತೆಳ್ಳನೆಯ ಶಾಲು ಹಾಕಿಕೊಂಡಿದ್ದಳು. ಮೇ ತಿಂಗಳಿನಲ್ಲಿ ಶಾಲು. ಮೊಸರು ಕೊಟ್ಟು ಕಳಿಸಿದ ಮೇಲೂ ಶಂಕ್ರಮ್ಮನ ಕಣ್ಣಿನಿಂದ ಆ ಶಾಲು ಹೋಗಲಿಲ್ಲ.

ತಂಪುಯಂತ್ರಗಳು ಒಳಗಿನ ಬಿಸಿಯನ್ನೆಲ್ಲ ಬೀದಿಗೆ ಉಗುಳುತ್ತವೆಂದು ರಾಜ್ಯ ಸರ್ಕಾರ ಅವನ್ನು ನಿಷೇಧಿಸಿ ಕೆಲವು ವರ್ಷಗಳಾಗಿದ್ದವು. ಬದಲಿಗೆ ವಸತಿ ಮಂಡಳಿ ಉಸಿರುಗೋಡೆಯ ಮನೆಗಳನ್ನು ಕಟ್ಟಿಸಿ ಕೊಡುತ್ತಿತ್ತು. ಗೋಡೆಯ ಒಳಮೈಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಪಾಚಿಯ ಪದರ. ಅದು ಕೊಳವೆಯ ನೀರನ್ನು ಹೀರಿ ಹೊರಮೈಗೆ ಸಾಗಿಸುತ್ತದೆ. ಬೆವರು ಆರಿದಾಗ ಮೈ ತಣ್ಣಗಾಗುವಂತೆ, ಆ ನೀರು ಆವಿಯಾದಾಗ ಮನೆ ತಣ್ಣಗಾಗುತ್ತದೆ. ನೀರಿನ ಕೊರತೆಯಿದ್ದುದರಿಂದ ಒಂದು ಮನೆಗೆ ನಾಲ್ಕೇ ಜನ ಎಂಬ ನಿಯಮವನ್ನೂ ಮಂಡಳಿ ಮಾಡಿತ್ತು.

ತಂಪು ಸೋರಿಹೋಗದಂತೆ ಶಂಕ್ರಮ್ಮ ಮಾಡದ ಉಪಾಯವಿರಲಿಲ್ಲ. ಬಾಗಿಲ ಸಂದಿಗೆ ಬಟ್ಟೆ ತುರುಕಿದಳು. ಮಾತಿಗೆ ಬಂದವರನ್ನು ಹೊಸ್ತಿಲಿನಿಂದಲೇ ಕಳಿಸಿದಳು. ಕೊನೆಗೆ, ಮೈಬಿಸಿಯಿಂದ ಮನೆ ಕಾಯುತ್ತದೆಂದು ಗಂಡ ಅಮರಯ್ಯನನ್ನೂ ಹಗಲೆಲ್ಲ ಚಹಾದಂಗಡಿಗೆ ಅಟ್ಟಿದಳು. ಫಲಕ ಮೂವತ್ತಮೂರಕ್ಕೆ ಏರಿತು. ಅವಳು ಮಂಡಳಿಗೆ ದೂರು ಕೊಟ್ಟಳು.

ಪರೀಕ್ಷಿಸಲು ಬಂದವರು ಉಸಿರುಗೋಡೆಯನ್ನು ರೂಪಿಸಿದ ವಿಜ್ಞಾನಿ ಡಾ. ರಿಹಾನಾ. ಎರಡೂ ಮನೆಯ ಪಾಚಿಯನ್ನು ಕೆರೆದು ನೋಡಿದರು. ತಳಿ ಒಂದೇ. ಆದರೆ ನಾಗವೇಣಿಯ ಗೋಡೆ ಕಂಬಳಿಯಂತೆ ದಟ್ಟವಾಗಿತ್ತು. ಶಂಕ್ರಮ್ಮನದು ಹಳದಿಗೆ ತಿರುಗಿತ್ತು.

"ನಿಮ್ಮ ಗೋಡೆಗೆ ರೋಗವೇನಿಲ್ಲ," ಎಂದರು ರಿಹಾನಾ. "ಹಸಿದಿದೆ. ಮನುಷ್ಯರು ಹೊರಬಿಡುವ ಉಸಿರಿನಲ್ಲಿರುವ ಅನಿಲವೇ ಈ ಪಾಚಿಗೆ ಆಹಾರ. ನಮ್ಮ ಪ್ರಯೋಗಾಲಯ ಸದಾ ಜನರಿಂದ ತುಂಬಿರುತ್ತಿತ್ತು. ಖಾಲಿ ಮನೆಯಲ್ಲಿ ಏನಾದೀತೆಂದು ನಾವು ಯೋಚಿಸಿಯೇ ಇರಲಿಲ್ಲ."

"ಆಕಿ ಮನ್ಯಾಗೂ ಇಬ್ಬರೇ ಅದಾರಲ್ಲ," ಎಂದಳು ಶಂಕ್ರಮ್ಮ.

ಇಬ್ಬರ ಉಸಿರಿಗೆ ಗೋಡೆ ಅಷ್ಟು ಕೊಬ್ಬುವುದಿಲ್ಲವೆಂದು ರಿಹಾನಾ ಯೋಚಿಸುತ್ತ ನಿಂತರು. ಶಂಕ್ರಮ್ಮನಿಗೆ ಆಗಲೇ ಎಲ್ಲ ಹೊಳೆದಿತ್ತು. ಕಾಲುವೆಯಾಚೆ, ಇನ್ನೂ ಮನೆ ಸಿಗದವರ ತಗಡಿನ ಶೆಡ್ಡುಗಳಿದ್ದವು. ಬಿಸಿಲೇರಿದಾಗ ಅಲ್ಲಿಯ ಹೆಂಗಸರು, ಮುದುಕರು ನಾಗವೇಣಿಯ ಹಿತ್ತಿಲ ಕಡೆ ನಡೆಯುವುದನ್ನು ಅವಳು ನೋಡಿದ್ದಳು. ರಿಹಾನಾ ಹೋದ ಮೇಲೆ ಮಂಡಳಿಯ ಕಚೇರಿಗೆ ಹೋಗಿ ಅಷ್ಟನ್ನೂ ಹೇಳಿಬಂದಳು.

ಮಾರನೆಯ ದಿನವೇ ತನಿಖೆಯವರು ಬಂದರು. ಹದಿನಾಲ್ಕು ಜನರನ್ನು ಎಬ್ಬಿಸಿ ಹೊರಗೆ ಕಳಿಸಿ, ಮತ್ತೆ ಸೇರಿಸಿಕೊಂಡರೆ ಮನೆ ವಾಪಸ್ ಎಂದು ನಾಗವೇಣಿಗೆ ಎಚ್ಚರಿಕೆ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಅವಳ ಫಲಕವೂ ಮೂವತ್ತಮೂರಕ್ಕೆ ಬಂತು. ಶಂಕ್ರಮ್ಮ ಅದನ್ನು ಕಣ್ತುಂಬ ನೋಡಿದಳು. ಆ ಸುಖ ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಅಂದೇ ಶೆಡ್ಡಿನಲ್ಲಿ ತುಂಬು ಬಸುರಿಯೊಬ್ಬಳು ಬಿಸಿಲ ಹೊಡೆತಕ್ಕೆ ಎಚ್ಚರ ತಪ್ಪಿ ಬಿದ್ದಳು. ಅವಳನ್ನು ಆಸ್ಪತ್ರೆಗೆ ಸೇರಿಸಿ ಬಂದ ನಾಗವೇಣಿ ಶಂಕ್ರಮ್ಮನ ಬಾಗಿಲಲ್ಲಿ ನಿಂತಳು. ಬೈಯಲಿಲ್ಲ.

"ಈಗ ನಿಂದೂ ನಂದೂ ಒಂದೇ ಆತಲ್ಲ ಅಕ್ಕ," ಎಂದಷ್ಟೇ ಹೇಳಿ ಹೋದಳು.

ಶಂಕ್ರಮ್ಮನಿಗೆ ಊಟ ಸೇರಲಿಲ್ಲ. ಮರುದಿನ ಬಸ್ಸು ಹಿಡಿದು ರಿಹಾನಾ ಅವರ ಬಳಿಗೆ ಹೋದಳು. ನಾಗವೇಣಿಯ ಮೇಲೆ ದೂರು ಕೊಟ್ಟವಳು ತಾನೇ ಎಂದು ಒಪ್ಪಿಕೊಂಡು, ಹಸಿದ ಗೋಡೆಯ ವಿಷಯವನ್ನು ಮಂಡಳಿಗೆ ತಿಳಿಸಿ ಹೇಳಿರೆಂದು ಕೇಳಿಕೊಂಡಳು. ರಿಹಾನಾ ಅಳೆದು ನೋಡಿದಾಗ ಮಂಡಳಿಯೇ ಬೆಚ್ಚಿತು. ಸೊರಗಿದ ಪಾಚಿ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಸುಮ್ಮನೆ ಸೋರಿಸುತ್ತಿತ್ತು. ನೀರುಳಿಸಲು ಮಾಡಿದ ನಿಯಮವೇ ನೀರನ್ನು ಪೋಲುಮಾಡುತ್ತಿತ್ತು. ಜೂನ್ ಬರುವ ಮೊದಲೇ ಹೊಸ ಆದೇಶ ಹೊರಟಿತು: ಬೇಸಿಗೆಯ ಹಗಲಿನಲ್ಲಿ ಎಲ್ಲ ಮನೆಗಳೂ ಶೆಡ್ಡಿನವರಿಗೆ ತೆರೆದಿರಬೇಕು.

ಆಮೇಲೆ ಬಡಾವಣೆಯಲ್ಲಿ ಜನರಿಗಾಗಿ ಪೈಪೋಟಿ ಶುರುವಾಯಿತು. ಒಬ್ಬರು ಮಜ್ಜಿಗೆ ಇಟ್ಟರೆ ಇನ್ನೊಬ್ಬರು ಹಾಸಿಗೆ ಹಾಸಿದರು. ಎಲ್ಲರಿಗೂ ಮನೆ ತುಂಬ ಜನ ಬೇಕು. ಆಸ್ಪತ್ರೆಯಿಂದ ಬಂದ ಬಸುರಿ ಯಲ್ಲವ್ವ ಮೊದಲ ದಿನ ಶಂಕ್ರಮ್ಮನ ಮನೆಗೇ ಬಂದು ಗೋಡೆಗೊರಗಿ ನಿದ್ದೆಹೋದಳು. ಅವಳಿಗೆ ಗಾಳಿ ಬೀಸುತ್ತ ಕೂತ ಶಂಕ್ರಮ್ಮ ಅಂದು ಫಲಕ ನೋಡಲು ಹೊರಗೆ ಹೋಗಲಿಲ್ಲ.

ಸಂಜೆ ಏಳುತ್ತ ಯಲ್ಲವ್ವ, ನಾಳೆ ನಾಗವೇಣಕ್ಕನ ಮನೆಗೆ ಹೋಗುವುದಾಗಿ ಹೇಳಿದಳು.

ಶಂಕ್ರಮ್ಮನ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

"ಯಾಕವ್ವ," ಎಂದಳು, "ಆಕಿ ಮನ್ಯಾಗ ಅಂಥಾದ್ದೇನೈತಿ?"