ಒಣಗದ ಹಗ್ಗ
ಬಹರೇನಿನ ಮುಹರ್ರಕ್‌ನಲ್ಲಿ ನಾನು ದೋಣಿ ನಡೆಸುತ್ತೇನೆ. ಕಳೆದ ಆಗಸ್ಟ್‌ನಲ್ಲಿ ಕುವೈತಿನಿಂದ ಮಿಶಾರಿ ಎಂಬ ಯುವಕ ಹೆಂಡತಿ ಹೆಸ್ಸಾಳ ಜೊತೆ ಬಂದಿದ್ದ. ಹಳಬರಂತೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಮುತ್ತಿಗಾಗಿ ಮುಳುಗುತ್ತೇನೆಂದು ಹಟ ಹಿಡಿದ.

"ನೀನು ಹಗ್ಗ ಜಗ್ಗಿದ ಕೂಡ್ಲೇ ಮೇಲಕ್ಕೆಳೀತೀನಿ. ಆಟಕ್ಕೆ ಜಗ್ಗಬೇಡಪ್ಪ," ಎಂದೆ.

"ಮನೇಲಿ ಕುಡಿದ ಲೋಟ ಎತ್ತಿಡಲ್ಲ, ಮುತ್ತು ಎತ್ತಿ ತರ್ತಾನಂತೆ!" ಎಂದು ಹೆಸ್ಸಾ ನಕ್ಕಳು. ಅವನೂ ನಗುತ್ತಲೇ ದೋಣಿಯಿಂದ ನೀರಿಗೆ ಹಾರಿದ.

ಸ್ವಲ್ಪ ಹೊತ್ತಿಗೆ ಹಗ್ಗ ಜಗ್ಗಿತು. ಎಳೆದೆ. ಸಮುದ್ರ ಸ್ನಾನದ ನೀರಿನಷ್ಟು ಬಿಸಿಯಿದ್ದರೂ ಹಗ್ಗ ಕೈ ಕೊರೆಯುವಷ್ಟು ತಣ್ಣಗಿತ್ತು. ಕೊನೆಯವರೆಗೂ ಮನುಷ್ಯನಷ್ಟೇ ಭಾರವಿತ್ತು. ಮೇಲೆ ಬಂದದ್ದು ಮಾತ್ರ ಖಾಲಿ ಕುಣಿಕೆ. ನಾನು ಹಾಕಿದ ಗಂಟು ಬಿಚ್ಚಿರಲಿಲ್ಲ.

"ಚಾಚಾ, ಎಳೀರಿ! ಅವ್ನು ಕೆಳಗೇ ಇದಾನೆ!" ಎಂದು ಹೆಸ್ಸಾ ಹಗ್ಗ ಕಸಿದುಕೊಂಡಳು. ಹಗ್ಗದ ಹನಿ ತುಟಿಗೆ ಸಿಡಿದಾಗ ನಾಲಿಗೆಯಿಂದ ಸವರಿ ನೋಡಿದಳು. "ಇದು ಸಿಹಿನೀರು, ಚಾಚಾ."

ಕಡಲಡಿಯ ಸಿಹಿನೀರಿನ ಬುಗ್ಗೆಗಳು ನಮ್ಮಪ್ಪನ ಕಾಲಕ್ಕೇ ಬತ್ತಿದ್ದವು. ನಾನು ಮುಳುಗಿ ಹುಡುಕಿದೆ, ಕಾವಲು ದೋಣಿಯವರೂ ಹುಡುಕಿದರು. ತಳದಲ್ಲಿ ಮರಳಷ್ಟೇ ಇತ್ತು.

ಹಗ್ಗವನ್ನು ಮಾಳಿಗೆಯ ಬಿಸಿಲಿಗೆ ಹರಡಿದೆ. "ಒಣಗಿತಾ ಚಾಚಾ?" ಎಂದು ಹೆಸ್ಸಾ ಈಗಲೂ ಫೋನಿನಲ್ಲಿ ಕೇಳುತ್ತಾಳೆ. ಹಗ್ಗ ಹಸಿಯಿರುವವರೆಗೆ ಅವನು ಕೆಳಗೇ ಇದ್ದಾನೆಂದು ಅವಳ ನಂಬಿಕೆ. ಹೌದೆಂದು ಸುಳ್ಳು ಹೇಳಿದರೆ ಕಾಯುವುದನ್ನಾದರೂ ಬಿಟ್ಟಾಳು ಎಂದುಕೊಳ್ಳುತ್ತೇನೆ. ಆದರೂ ಪ್ರತಿ ಸಲ ಮೇಲೆ ಹೋಗಿ ಮುಟ್ಟಿ ನೋಡುತ್ತೇನೆ. ಅದು ಇನ್ನೂ ತೊಟ್ಟಿಕ್ಕುತ್ತಿದೆ.