ಗಂಟಿಲ್ಲದ ಚೀಟಿಗಳು

ಹಸಿರುಮನೆಯ ಬೀಗ ತೆಗೆದ ಕೂಡಲೇ, ಎಲ್ಲರೂ ‘ಎಣ್ಣೆ ಮೇಡಂ’ ಎಂದು ಕರೆಯುವ ವಿಜ್ಞಾನಿ ಬಾಗಿಲಲ್ಲೇ ಕುಸಿದು ಕುಳಿತರು. ಪೆಟ್ಟಿಗೆ ಹೊತ್ತು ಹಿಂದೆಯೇ ಬಂದಿದ್ದ ಸಂಶೋಧನಾ ಕೇಂದ್ರದ ಜೀಪ್ ಚಾಲಕ ಒಳಗೆ ಇಣುಕಿದ. ‘ಎಣ್ಣೆ’ ಎಂದು ಚೀಟಿ ಕಟ್ಟಿದ್ದ ಟೊಮ್ಯಾಟೊ ಸಸಿಗಳೆಲ್ಲ ಒಣಗಿ ಜೋತುಬಿದ್ದಿದ್ದವು. ‘ಬರೀ ನೀರು’ ಎಂಬ ಚೀಟಿಯವು ಪಕ್ಕದ ಮೇಜಿನ ಮೇಲೆ ನಳನಳಿಸುತ್ತಿದ್ದವು.

ಆಗಬೇಕಾದದ್ದು ಇದರ ತಿರುಗುಮುರುಗು. ನಿಂಬೆಹುಲ್ಲಿನ ಎಣ್ಣೆಯನ್ನು ಹದವಾಗಿ ಬೆರೆಸಿ ಸಿಂಪಡಿಸಿದರೆ ಸಸಿ ಬಾಯಾರಿಕೆ ತಡೆಯುತ್ತದೆ ಎಂಬುದು ಮೇಡಂ ನಂಬಿಕೆ. ಅದನ್ನು ಪರೀಕ್ಷಿಸಲೆಂದೇ ಒಂದು ಮೇಜಿಗೆ ಎಣ್ಣೆ, ಇನ್ನೊಂದಕ್ಕೆ ಬರೀ ನೀರು ಸಿಂಪಡಿಸಿ, ಆಮೇಲೆ ಎರಡಕ್ಕೂ ನೀರು ಹಾಕುವುದನ್ನು ನಿಲ್ಲಿಸಿ ಬೀಗ ಹಾಕಿಸಿದ್ದರು. ಬೀಗದ ಕೈ ಕಚೇರಿಯ ಮೊಳೆಯಲ್ಲಿ ಎಲ್ಲರ ಕೈಗೆಟುಕುವಂತೆ ನೇತಾಡುತ್ತಿತ್ತು. ಮಧ್ಯಾಹ್ನ ನಿರ್ದೇಶಕರು ಪರಿಶೀಲನೆಗೆ ಬರುವವರಿದ್ದರು. ಪ್ರಯೋಗ ಸೋತರೆ ಹಸಿರುಮನೆ ಕಸಿ ವಿಭಾಗಕ್ಕೆ, ಮೇಡಂ ತಮ್ಮ ಮನೆಗೆ.

“ಮಾಲಿ ಎಣ್ಣೆ ಜಾಸ್ತಿ ಹೊಡೆದು ಸುಟ್ಟಿರ್ಬೇಕು,” ಎಂದರು ಸುದ್ದಿ ಕೇಳಿ ಮಾಲಿಯ ಹಿಂದೆಯೇ ಬಂದ ಕಸಿ ವಿಭಾಗದ ಮಾಸ್ತರರು.

“ನನ್ನ ತಲೆ ಮೇಲೆ ಗೂಬೆ ಕೂರಿಸ್ಬೇಡಿ ಸಾರ್!” ಮಾಲಿಗೆ ಅಳುವೇ ಬಂತು. “ಮೇಡಂ ಅಳೆದು ಕೊಟ್ಟಷ್ಟೇ ಹೊಡೆದೆ. ಚೀಟಿಗೆ ಗಂಟು ಹಾಕಿದ್ದೂ ನಾನೇ. ಕಾಂಡ ದಪ್ಪ ಆದ್ರೆ ಬಿಗೀಬಾರ್ದು ಅಂತ ಸಡಿಲವಾಗಿ ಹಾಕಿದ್ದೆ.”

ಚಾಲಕ ನಿಂತ ಕಾಲಲ್ಲೇ ಕ್ವಾರ್ಟರ್ಸಿಗೆ ಓಡಿದ. ಪೊಲೀಸರ ಬೆರಳಚ್ಚು ವಿಭಾಗದಲ್ಲಿ ದುಡಿದು ನಿವೃತ್ತರಾದ ಅವನ ಅತ್ತೆ, ಮಗಳ ಮನೆಯಲ್ಲಿ ಸುಮ್ಮನೆ ಕೂರುವ ಪೈಕಿಯವರಲ್ಲ. ಕ್ವಾರ್ಟರ್ಸಿನಲ್ಲಿ ಕೊಡೆ ಕಳೆದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಸಕ್ಕರೆ ಡಬ್ಬಿಗೆ ಕೈ ಹಾಕಿದ ಅಳಿಯನನ್ನೂ ಅವರು ಬಿಟ್ಟವರಲ್ಲ. ಇವತ್ತು ಮಾತ್ರ ಆ ಹದ್ದಿನ ಕಣ್ಣು ಅವನಿಗೆ ದೇವರಂತೆ ಕಂಡಿತು.

ಅತ್ತೆ ಬಂದವರು ಮೊದಲು ನೋಡಿದ್ದು ಸಸಿಗಳನ್ನಲ್ಲ, ಕೀಟ ಹಿಡಿಯಲು ಮೇಲೆ ತೂಗುಹಾಕಿದ್ದ ಹಳದಿ ಅಂಟುಹಾಳೆಗಳನ್ನು. ಒಣಗಿದ ಮೇಜಿನ ಮೇಲಿನ ಹಾಳೆಯಲ್ಲಿ ಎಳ್ಳು ಚೆಲ್ಲಿದಂತೆ ಬಿಳಿನೊಣಗಳು. ಇನ್ನೊಂದರಲ್ಲಿ ಹುಡುಕಿದರೂ ಇಲ್ಲ. ಆಮೇಲೆ ಅವರು ಕಾಂಡದ ಬುಡಕ್ಕೆ ಬಗ್ಗಿದರು.

“ಅಳಿಯಂದ್ರೇ, ಇಲ್ಲಿ ನೋಡಿ. ಏನು ಕಾಣ್ತದೆ?”

“ಚೀಟಿಯ ಪಟ್ಟಿ. ಕೆಳಗಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ, ತುದೀನ ಸುತ್ತಿನ ಒಳಗೇ ಸಿಕ್ಕಿಸಿದಾರೆ. ಎರಡೂ ಮೇಜಲ್ಲಿ ಹೀಗೇ ಇದೆ ಅತ್ತೆ.”

“ಸಾಕು. ಎಲ್ಲರನ್ನೂ ಕರೀರಿ.”

ಮಧ್ಯಾಹ್ನ ನಿರ್ದೇಶಕರ ಮುಂದೆಯೇ ಅತ್ತೆ ಮೂವರ ಕೈಗೂ ಒಂದೊಂದು ಹೊಸ ಚೀಟಿ ಕೊಟ್ಟರು. “ಹಳೇವು ಮಾಸಿಹೋಗಿವೆ. ಇವನ್ನು ಬೇಗ ಕಟ್ಟಿಬಿಡಿ.” ಮೇಡಂ ಹೂಗಂಟು ಹಾಕಿದರು. ಮಾಲಿ ಸಡಿಲ ಗಂಟು ಹಾಕಿದ. ಮಾಸ್ತರರು ಮಾತಾಡುತ್ತಲೇ ಪಟ್ಟಿಯನ್ನು ಕೆಳಗಿಂದ ಮೇಲಕ್ಕೆ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದರು.

“ಕಸಿಯ ಗಾಯಕ್ಕೆ ನೀರು ಇಳಿಯಬಾರ್ದು ಅಂತ ಹೀಗೆ ಸುತ್ತೋದಲ್ವಾ ಮಾಸ್ತರೇ?” ಎಂದರು ಅತ್ತೆ. “ಟೊಮ್ಯಾಟೊ ಚೀಟಿಗೆ ಯಾಕೆ ಇದು? ಮಾಲಿ ಹಾಕಿದ ಗಂಟುಗಳೆಲ್ಲ ಎಲ್ಲಿ ಹೋದವು? ನೀವು ಚೀಟಿಗಳನ್ನು ಬಿಚ್ಚಿ, ಈ ಮೇಜಿಂದು ಆ ಮೇಜಿಗೆ ಬದಲಾಯಿಸಿದ್ರಿ. ಸಸಿ ಸತ್ತದ್ದು ಎಣ್ಣೆಯಿಂದಲ್ಲ, ಎಣ್ಣೆ ಇಲ್ಲದೆ!”

“ಅದಕ್ಕೇನು ಸಾಕ್ಷಿ?” ಎಂದರು ಮಾಸ್ತರರು.

“ತಲೆ ಎತ್ತಿ ನೋಡಿ. ನಿಂಬೆಹುಲ್ಲಿನ ವಾಸನೆ ಬಿಳಿನೊಣಕ್ಕೆ ಆಗೋದಿಲ್ಲ. ಹಸಿರಾಗಿರೋ ಮೇಜಿನ ಹತ್ತಿರ ಅವು ಸುಳಿದಿಲ್ಲ. ಚೀಟಿ ಬದಲಾಯಿಸಿದ್ರಿ, ಅಂಟುಹಾಳೆ ಮರೆತ್ರಿ.”

ಮಾಸ್ತರರು ತಾವು ಕಟ್ಟಿದ ಚೀಟಿಯನ್ನೇ ನೋಡುತ್ತ ನಿಂತರು. “ಹಸಿರುಮನೆ ನಮಗೆ ಸಿಗಲಿ ಅಂತ...” ಎಂದು ತಡವರಿಸಿ, ನಿರ್ದೇಶಕರ ಮುಖ ಕಂಡು ತಲೆ ತಗ್ಗಿಸಿದರು.

“ಹಸಿರುಮನೆ ಮೇಡಂದೇ. ಪಕ್ಕದ ಹಸಿರುಮನೆಯನ್ನೂ ಅವರಿಗೇ ಬಿಡಿಸಿಕೊಡಿ. ಮಾಸ್ತರೇ, ನೀವು ನನ್ನ ಕೋಣೆಗೆ ಬನ್ನಿ,” ಎಂದರು ನಿರ್ದೇಶಕರು.

ಮಾಲಿ ಚಪ್ಪಾಳೆ ತಟ್ಟಿದ. ತಮ್ಮ ಎಣ್ಣೆ ಗೆದ್ದಿದೆ ಎಂಬುದು ಮೇಡಂಗೆ ಅರ್ಥವಾದದ್ದು ಆಗಲೇ. ಅವರು ಅಳುತ್ತ, ನಗುತ್ತ ಹಸಿರು ಸಸಿಯ ಬುಡದಿಂದ ಸುಳ್ಳು ಚೀಟಿ ಬಿಚ್ಚಿದರು. ಒಣಗಿದ ಸಸಿಯಲ್ಲಿದ್ದ ‘ಎಣ್ಣೆ’ ಚೀಟಿಯನ್ನು ಮಾಲಿಗೆ ಕೊಟ್ಟು ಹೇಳಿದರು:

“ನೀನೇ ಕಟ್ಟಪ್ಪ. ಸಡಿಲವಾಗಿ ಕಟ್ಟು, ಇದಿನ್ನೂ ಬೆಳೀಬೇಕು.”